ಊದಿದ ತೋಳಿಗೆ ಹಗುರ ಕೈಯ ಚಿಕಿತ್ಸೆ

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಕೆಲವು ತಿಂಗಳ ಮೇಲೆ, ಕೆಲವರಿಗೆ ವರ್ಷಗಳ ಮೇಲೆ, ಆ ಬದಿಯ ತೋಳು ಭಾರವೆನಿಸತೊಡಗುತ್ತದೆ. ಬಳೆ ಬಿಗಿಯಾಗುತ್ತದೆ, ರವಿಕೆಯ ತೋಳು ಏರುವುದಿಲ್ಲ. ಆಗ ಮನೆಯವರು ಪ್ರೀತಿಯಿಂದಲೇ ಎಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಊತಕ್ಕೆ ಬೇಕಾದದ್ದು ತೀರಾ ಹಗುರವಾದ ಕೈ. ಆ ಚಿಕಿತ್ಸೆಯ ಹೆಸರು ಮ್ಯಾನುಯಲ್ ಲಿಂಫ್ ಡ್ರೈನೇಜ್. ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದಾಗ ಇದನ್ನು ರೂಪಿಸಿ, 1936ರಲ್ಲಿ ಪ್ಯಾರಿಸ್‌ನಲ್ಲಿ ಪರಿಚಯಿಸಿದರು.

ಊತ ಏಕೆ ಬರುತ್ತದೆ?

ರಕ್ತನಾಳಗಳಿಂದ ಅಂಗಾಂಶಕ್ಕೆ ಒಸರುವ ದ್ರವವನ್ನು ದುಗ್ಧನಾಳಗಳು (ಲಿಂಫ್ ನಾಳಗಳು) ಹೀರಿ, ದುಗ್ಧಗ್ರಂಥಿಗಳ ಮೂಲಕ ಸಾಗಿಸಿ, ಕತ್ತಿನ ಬುಡದಲ್ಲಿ ರಕ್ತಕ್ಕೆ ಮರಳಿಸುತ್ತವೆ. ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅಥವಾ ವಿಕಿರಣ ಚಿಕಿತ್ಸೆಯಿಂದ ಅಲ್ಲಿನ ಅಂಗಾಂಶ ಗಡುಸಾದಾಗ ಈ ದಾರಿ ಕಟ್ಟುತ್ತದೆ. ದ್ರವ ತೋಳಿನಲ್ಲೇ ಉಳಿಯುತ್ತದೆ. ಈ ಊತವೇ ಲಿಂಫೆಡಿಮಾ.

ದ್ರವವನ್ನು ಮೊದಲು ಹೀರುವ ಸೂಕ್ಷ್ಮನಾಳಗಳು ಚರ್ಮಕ್ಕೆ ತಾಗಿಕೊಂಡಂತೆಯೇ ಇವೆ. ಸುತ್ತಲಿನ ಅಂಗಾಂಶಕ್ಕೆ ಅವನ್ನು ಸಣ್ಣ ಎಳೆಗಳು ಹಿಡಿದಿರುತ್ತವೆ. ಚರ್ಮ ಮೆಲ್ಲನೆ ಜರುಗಿದರೆ ಎಳೆ ಜಗ್ಗಿ ನಾಳದ ಬಾಯಿ ತೆರೆಯುತ್ತದೆ. ಜೋರಾಗಿ ತಿಕ್ಕಿದರೆ ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗಿ ಊತವೂ ಹೆಚ್ಚಬಹುದು.

ಮಾಡುವ ಕ್ರಮ

ಚಿಕಿತ್ಸೆ ಊದಿದ ಕೈಯಿಂದ ಶುರುವಾಗುವುದಿಲ್ಲ. ಮೊದಲು ಹೊಟ್ಟೆ ತುಂಬಾ ಉಸಿರಾಟ, ಬಳಿಕ ಕತ್ತಿನ ಬುಡ, ಆಮೇಲೆ ಆರೋಗ್ಯವಾಗಿರುವ ಬದಿಯ ಕಂಕುಳು ಮತ್ತು ಎದೆ. ಕಾಲುವೆಯಲ್ಲಿ ಮುಂದಿನ ಕಸ ತೆಗೆದು ಹಿಂದಿನ ನೀರು ಬಿಡುವ ಕ್ರಮವೇ ಇಲ್ಲಿಯದೂ. ತೋಳಿಗೆ ಬಂದಾಗಲೂ ಭುಜದ ಭಾಗ ಮೊದಲು, ಮುಂಗೈ ಆಮೇಲೆ, ಬೆರಳು ಕೊನೆಗೆ.

ಥೆರಪಿಸ್ಟ್ ಅಂಗೈಯನ್ನು ಚಪ್ಪಟೆಯಾಗಿಟ್ಟು ಚರ್ಮವನ್ನು ಅರ್ಧವೃತ್ತದಲ್ಲಿ ಜರುಗಿಸಿ ಬಿಡುತ್ತಾರೆ. ಚರ್ಮ ತಾನಾಗಿ ಹಿಂದಿರುಗಿದ ಮೇಲೆ ಮತ್ತೆ ಜರುಗಿಸುತ್ತಾರೆ. ಕೈ ಜಾರಬಾರದೆಂದು ಸಾಮಾನ್ಯವಾಗಿ ಎಣ್ಣೆ ಹಚ್ಚುವುದಿಲ್ಲ. ಚರ್ಮ ಕೆಂಪಾದರೆ, ನೋವಾದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ.

ಕೈಚಿಕಿತ್ಸೆಯೊಂದೇ ಸಾಲದು

ಊತ ಇಳಿಸಿ ಹಿಡಿದಿಡುವ ಮುಖ್ಯ ಕೆಲಸ ಪದರ ಪದರವಾಗಿ ಸುತ್ತುವ ಬ್ಯಾಂಡೇಜಿನದು, ನಂತರ ತೊಡುವ ಬಿಗಿ ತೋಳುಚೀಲದ್ದು. ಜೊತೆಗೆ ವ್ಯಾಯಾಮ ಮತ್ತು ಚರ್ಮದ ಆರೈಕೆ ಬೇಕು. ಇವುಗಳೊಂದಿಗೆ ಸೇರಿದಾಗ ಕೈಚಿಕಿತ್ಸೆ ಭಾರ ಮತ್ತು ಬಿಗಿತವನ್ನು ಇಳಿಸಲು ನೆರವಾಗುತ್ತದೆ. ಊತ ಹಳತಾದಷ್ಟೂ ಗಟ್ಟಿಯಾಗುವುದರಿಂದ ಬೇಗ ಶುರುಮಾಡುವುದು ಒಳ್ಳೆಯದು.

ಯಾರಿಗೆ ಬೇಡ?

ಜ್ವರದೊಂದಿಗೆ ತೋಳು ಕೆಂಪಾಗಿ ಬಿಸಿಯೇರಿದ್ದರೆ ಅದು ಸೋಂಕು. ಆಗ ಕೈ ಮುಟ್ಟಿಸದೆ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವವರಿಗೂ, ಹತೋಟಿಗೆ ಬಾರದ ಹೃದಯ ವೈಫಲ್ಯ ಇರುವವರಿಗೂ ಇದು ಸಲ್ಲದು.

ಶಸ್ತ್ರಚಿಕಿತ್ಸೆಯಾದ ಬದಿಯ ತೋಳು ಸ್ವಲ್ಪ ಭಾರವೆನಿಸಿದರೂ ಸುಮ್ಮನಿರಬೇಡಿ. ನಿಮ್ಮ ವೈದ್ಯರಿಗೆ ಹೇಳಿ, ಲಿಂಫೆಡಿಮಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿಗೆ ಚೀಟಿ ಕೇಳಿ ಪಡೆಯಿರಿ.