ಒಂದಡಿಗೆ ಇಳಿದ ವಾಪಿಟಿ

ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಮಿಗ್, ನ್ಯಾಟ್, ಹಂಟರ್‌ಗಳಂಥ ಜೆಟ್‌ಗಳ ಸಾಲಿಗೆ ಸೇರದ ಒಂದು ಹಳೆಯ ಜೋಡಿರೆಕ್ಕೆಯ ವಿಮಾನವಿದೆ. ಹೆಸರು ವೆಸ್ಟ್‌ಲ್ಯಾಂಡ್ ವಾಪಿಟಿ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಭಾರತೀಯ ವಾಯುಪಡೆಯ ಮೊದಲ ತುಕಡಿ ಆರಂಭವಾದಾಗ ಅದರ ಬಳಿ ಇದ್ದದ್ದು ಇಂಥ ನಾಲ್ಕೇ ವಿಮಾನಗಳು. ಇಂಗ್ಲೆಂಡಿನಲ್ಲಿ ಐನೂರಕ್ಕೂ ಹೆಚ್ಚು ವಾಪಿಟಿಗಳು ತಯಾರಾಗಿದ್ದವು. ಇಂದು ಇಡಿಯಾಗಿ ಉಳಿದಿರುವುದು ಪಾಲಂನದೊಂದೇ.

ವಿಮಾನಗಳ ಪುಟ್ಟ ಪ್ರತಿಕೃತಿ ಮಾಡುವ ಹವ್ಯಾಸಿಗಳಿಗೆ ಈ ‘ಒಂದೇ’ ಎಂಬ ಮಾತು ಆಹ್ವಾನವೂ ಹೌದು, ಎಚ್ಚರಿಕೆಯೂ ಹೌದು. ಸ್ಪಿಟ್‌ಫೈರ್‌ನಂಥ ಪ್ರಸಿದ್ಧ ವಿಮಾನಕ್ಕೆ ಅಂಗಡಿಯಲ್ಲಿ ಕಿಟ್‌ಗಳು ಬೇಕಾದಷ್ಟಿವೆ. ಪೆಟ್ಟಿಗೆ ತೆರೆದು, ಅಚ್ಚಿನಲ್ಲಿ ತೆಗೆದ ಭಾಗಗಳನ್ನು ಅಂಟಿಸಿದರಾಯಿತು. ವಾಪಿಟಿಯಂಥದಕ್ಕೆ ಆ ಭಾಗ್ಯ ಕಡಿಮೆ. ಹಾಳೆ, ಕಡ್ಡಿ, ತಂತಿ, ನೂಲುಗಳಿಂದ ಪ್ರತಿಯೊಂದು ಭಾಗವನ್ನೂ ಕೈಯಾರೆ ಮಾಡಿಕೊಳ್ಳಬೇಕು. ಇದನ್ನೇ ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ.

ಮೊದಲ ಪ್ರಶ್ನೆ ಅಳತೆಯದು. ಒಂದಕ್ಕೆ ನಲವತ್ತೆಂಟು ಎಂಬ ಪ್ರಮಾಣ ಬಹಳ ಬಳಕೆಯಲ್ಲಿದೆ. ಅಂದರೆ ನಿಜ ವಿಮಾನದ ಒಂದಡಿ ಇಲ್ಲಿ ಕಾಲು ಅಂಗುಲ. ವಾಪಿಟಿಯ ರೆಕ್ಕೆಗಳ ಹರವು 46 ಅಡಿ 5 ಅಂಗುಲ. ಮೇಜಿನ ಮೇಲೆ ಅದು ಒಂದಡಿಗೆ ತುಸು ಕಡಿಮೆಯಾಗುತ್ತದೆ. ಲೆಕ್ಕವೇನೋ ಸುಲಭ. ಆದರೆ ಒಂದು ಮಿಲಿಮೀಟರ್ ದಪ್ಪದ ತಗಡನ್ನು ನಲವತ್ತೆಂಟರಿಂದ ಭಾಗಿಸಿದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ ಬರುತ್ತದೆ. ಅಂಥ ಹಾಳೆಯನ್ನು ಕೈಯಲ್ಲಿ ಹಿಡಿಯುವುದೇ ಕಷ್ಟ. ಹೀಗಾಗಿ ಎಲ್ಲಿ ಅಳತೆಗೆ ಬದ್ಧನಾಗಬೇಕು, ಎಲ್ಲಿ ಕಣ್ಣಿಗೆ ಒಪ್ಪಿದರೆ ಸಾಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಎರಡನೆಯದು ನಕ್ಷೆಯ ಪ್ರಶ್ನೆ. ನಿಜವಾದ ತಲೆನೋವು ಇಲ್ಲಿಯೇ. ವಾಪಿಟಿ ಹುಟ್ಟಿದ್ದೇ ಉಳಿತಾಯದ ಲೆಕ್ಕದಲ್ಲಿ. ಮೊದಲ ಮಹಾಯುದ್ಧದ ಕಾಲದ ಡಿ.ಎಚ್.9ಎ ವಿಮಾನದ ಬಿಡಿಭಾಗಗಳು ಬ್ರಿಟಿಷ್ ಸರ್ಕಾರದ ಉಗ್ರಾಣದಲ್ಲಿ ರಾಶಿ ಬಿದ್ದಿದ್ದವು. ಹೊಸ ವಿಮಾನದಲ್ಲಿ ಅವನ್ನೂ ಬಳಸಿಕೊಳ್ಳಬೇಕೆಂಬ ಷರತ್ತಿತ್ತು. ಹಾಗಾಗಿ ವಾಪಿಟಿಯ ರೆಕ್ಕೆ ಮೂಲತಃ ಡಿ.ಎಚ್.9ಎಯದೇ. 1927ರಲ್ಲಿ ಮೊದಲ ವಾಪಿಟಿ ಹಾರಿದಾಗ ಅದರ ಚುಕ್ಕಾಣಿಗೆ ಸಾಕಷ್ಟು ಬಲವಿಲ್ಲವೆಂದು ಕಂಡುಬಂತು. ನಕ್ಷೆ ಬರೆಯುವಾಗ ಒಡಲಿನ ಸುಮಾರು ಎರಡಡಿಯ ಒಂದು ಅಂಕಣವೇ ಬಿಟ್ಟುಹೋಗಿತ್ತು ಎಂಬ ಕತೆ ವಿಮಾನ ಚರಿತ್ರೆಯಲ್ಲಿ ಪ್ರಚಲಿತವಾಗಿದೆ. ಕತೆ ಹೇಗೇ ಇರಲಿ, ಮುಂದೆ ಬಂದ ಐದನೇ ಮಾದರಿಯಲ್ಲಿ ಒಡಲು ಎರಡಡಿ ಉದ್ದವಾದದ್ದು ನಿಜ. ಭಾರತೀಯ ತುಕಡಿಗೆ ಸಿಕ್ಕಿದ್ದು ಗಿಡ್ಡ ಒಡಲಿನ ‘2ಎ’ ಮಾದರಿ. ಐದನೇ ಮಾದರಿಯ ನಕ್ಷೆ ಹಿಡಿದು 2ಎ ಕಟ್ಟಹೊರಟರೆ ಪ್ರತಿಕೃತಿ ಅರ್ಧ ಅಂಗುಲ ಉದ್ದವಾಗುತ್ತದೆ. ಒಂದಡಿಯ ವಸ್ತುವಿನಲ್ಲಿ ಅರ್ಧ ಅಂಗುಲವೆಂದರೆ ಸಣ್ಣ ತಪ್ಪಲ್ಲ.

ಆದ್ದರಿಂದ ನಕ್ಷೆಯನ್ನು ಫೋಟೋದೊಂದಿಗೆ ತಾಳೆ ನೋಡಬೇಕು. ಚಕ್ರದ ವ್ಯಾಸ ಗೊತ್ತಿದ್ದರೆ ಪಕ್ಕದಿಂದ ತೆಗೆದ ಚಿತ್ರದಲ್ಲಿ ಉಳಿದ ಅಳತೆಗಳನ್ನು ಅಂದಾಜು ಮಾಡಬಹುದು. ಬಣ್ಣದ ವಿಷಯದಲ್ಲಿ ಮಾತ್ರ ಹಳೆಯ ಕಪ್ಪು-ಬಿಳುಪು ಚಿತ್ರವನ್ನು ನಂಬುವಂತಿಲ್ಲ. ಅಂದು ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿಗೆ ಕೆಂಪು ಕಾಣಿಸುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ತೀರಾ ತಿಳಿಯಾಗಿಯೂ ಮೂಡುತ್ತಿದ್ದವು. ರೆಕ್ಕೆಯ ಮೇಲಿನ ಕೆಂಪು, ಬಿಳಿ, ನೀಲಿ ವೃತ್ತವನ್ನು ಅಂಥ ಚಿತ್ರದಲ್ಲಿ ನೋಡಿ ಬಣ್ಣ ಹಚ್ಚಿದವರು ಮೋಸಹೋಗುತ್ತಾರೆ. ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡಿದರಂತೂ ಅದೇ ಇತಿಹಾಸವಾಗಿಬಿಡುತ್ತದೆ. ಮೂಲ ವಿಮಾನ ಒಂದೇ ಉಳಿದಿರುವಾಗ ಇದು ತಮಾಷೆಯ ಮಾತಲ್ಲ.

ಇಷ್ಟಾದ ಮೇಲೆ ಕತ್ತರಿಸುವ ಕೆಲಸ. ರೆಕ್ಕೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ ಬಾಗಿಸುವುದುಂಟು. ಬಾಲ್ಸಾ ಮರ ಬಳಸುವವರೂ ಇದ್ದಾರೆ. ನಿಜ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿ, ಡೋಪ್ ಎಂಬ ದ್ರವ ಬಳಿಯುತ್ತಿದ್ದರು. ಅದು ಒಣಗಿದಾಗ ಬಟ್ಟೆ ಮದ್ದಳೆಯ ಮುಚ್ಚಿಗೆಯಂತೆ ಬಿಗಿಯಾಗುತ್ತಿತ್ತು. ಒಳಗಿನ ಪಕ್ಕೆಲುಬುಗಳು ಹೊರಗೆ ಮಸುಕಾಗಿ ಕಾಣಬೇಕು, ಅಷ್ಟೇ. ಅನೇಕ ಪ್ರತಿಕೃತಿಗಳಲ್ಲಿ ಪಕ್ಕೆಲುಬುಗಳ ನಡುವೆ ಬಟ್ಟೆ ಹಳೆಯ ಮಂಚದಂತೆ ಜೋತುಬಿದ್ದಿರುತ್ತದೆ. ನೋಡಲು ಚೆಂದ, ಆದರೆ ಸುಳ್ಳು.

ಮೂತಿಯಲ್ಲಿರುವ ಬ್ರಿಸ್ಟಲ್ ಜುಪಿಟರ್ ಎಂಜಿನ್‌ಗೆ ಒಂಬತ್ತು ಸಿಲಿಂಡರ್, ನಕ್ಷತ್ರದಂತೆ ಸುತ್ತಲೂ ನಲವತ್ತು ಡಿಗ್ರಿಗೊಂದು. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ಸಿಲಿಂಡರಿನ ಮೈತುಂಬ ತೆಳುವಾದ ಏಣುಗಳು. ಸಣ್ಣ ಸರಳಿಗೆ ನವಿರಾದ ತಾಮ್ರದ ತಂತಿ ಸುತ್ತಿದರೆ ಆ ಏಣುಗಳ ನೋಟ ಬರುತ್ತದೆ. ಒಂದನ್ನು ಚೆನ್ನಾಗಿ ಮಾಡಿ, ರಬ್ಬರ್ ಅಚ್ಚು ತೆಗೆದು, ಒಂಬತ್ತು ಎರಕ ಹೊಯ್ದುಕೊಳ್ಳುವುದು ಜಾಣತನ.

ಕೈ ನಡುಗುವ ಘಟ್ಟ ತಂತಿಗಳದು. ಎರಡು ರೆಕ್ಕೆ, ನಡುವೆ ಕಂಬ, ಕರ್ಣಗಳಲ್ಲಿ ತಂತಿ: ಇದು ವಾಸ್ತವವಾಗಿ ಸೇತುವೆಯ ವಿದ್ಯೆ. ರೈಲ್ವೆ ಮತ್ತು ಸೇತುವೆಗಳ ಎಂಜಿನಿಯರಾಗಿದ್ದ ಅಮೆರಿಕದ ಆಕ್ಟೇವ್ ಶಾನ್ಯೂಟ್ 1896ರ ತಮ್ಮ ಗ್ಲೈಡರಿಗೆ ಈ ಕಟ್ಟನ್ನು ಅಳವಡಿಸಿದರು. ರೈಟ್ ಸೋದರರು ಅದನ್ನು ಮುಂದುವರಿಸಿದರು. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲು ಹವಣಿಸುತ್ತದೆ. ಕೆಳಗಿನ ರೆಕ್ಕೆಯ ಬುಡದಿಂದ ಮೇಲಿನ ರೆಕ್ಕೆಯ ಹೊರ ಕಂಬದತ್ತ ಹೋಗುವ ತಂತಿ ಅದನ್ನು ತಡೆಯುತ್ತದೆ. ನೆಲದ ಮೇಲೆ ನಿಂತಾಗ ರೆಕ್ಕೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆಗ ಎದುರು ಕರ್ಣದ ತಂತಿಯ ಸರದಿ. ಈ ತಂತಿಗಳನ್ನು ಹದವಾಗಿ ಬಿಗಿಯಲೆಂದೇ ವಾಯುಪಡೆಯಲ್ಲಿ ರಿಗ್ಗರ್ ಎಂಬ ಕುಶಲಕರ್ಮಿ ಇರುತ್ತಿದ್ದ. ತೂಗುಗುಂಡು, ರಸಮಟ್ಟ ಹಿಡಿದು, ಗಾರೆ ಕೆಲಸದವನಂತೆ ಅವನು ರೆಕ್ಕೆಯ ಕೋನ ನೋಡುತ್ತಿದ್ದ.

ಮೇಜಿನ ಮೇಲೂ ಅದೇ ಕೆಲಸ. ಕಂಬಗಳನ್ನು ನಿಲ್ಲಿಸಿ ಮೇಲಿನ ರೆಕ್ಕೆ ಕೂರಿಸುವ ತನಕ ಎರಡನ್ನೂ ರಟ್ಟಿನ ಚೌಕಟ್ಟಿನಲ್ಲಿ ಹಿಡಿದಿಡಬೇಕು. ಬಣ್ಣ ಅದಕ್ಕೂ ಮೊದಲೇ ಮುಗಿದಿರಬೇಕು, ಆಮೇಲೆ ಕುಂಚ ಒಳಗೆ ಹೋಗದು. ಕೂದಲೆಳೆಯಂಥ ನೈಲಾನ್ ದಾರವನ್ನು ಸೂಜಿತೂತಿನಲ್ಲಿ ತೂರಿಸಿ, ಎಳೆದು, ಒಂದು ಹನಿ ಅಂಟು ಹಾಕಬೇಕು. ಒಂದನ್ನು ಅತಿಯಾಗಿ ಬಿಗಿದರೆ ಪಕ್ಕದ್ದು ಸಡಿಲಾಗುತ್ತದೆ, ರೆಕ್ಕೆ ತಿರುಚಿಕೊಳ್ಳುತ್ತದೆ. ಹಳೆಯ ರಿಗ್ಗರನಿಗೆ ಏಕೆ ಅಷ್ಟು ಗೌರವವಿತ್ತೆಂಬುದು ಪುಸ್ತಕ ಓದಿದ್ದಕ್ಕಿಂತ ಆಗ ಚೆನ್ನಾಗಿ ತಿಳಿಯುತ್ತದೆ.

ಕೊನೆಯಲ್ಲಿ ವಿವರಗಳು. ವಾಯವ್ಯ ಗಡಿಯಲ್ಲಿ ಹಾರುತ್ತಿದ್ದ ವಾಪಿಟಿಗಳ ಕೆಲವು ಚಿತ್ರಗಳಲ್ಲಿ ಒಡಲಿಗೆ ಕಟ್ಟಿದ ಬಿಡಿ ಚಕ್ರವೊಂದು ಕಾಣುತ್ತದೆ. ಕಲ್ಲುನೆಲದಲ್ಲಿ ಇಳಿದು ಟೈರು ಒಡೆದರೆ ಪಂಕ್ಚರ್ ಅಂಗಡಿ ಇರಬೇಕಲ್ಲ! ಆ ಚಕ್ರವನ್ನು ಸೇರಿಸಿದ ಪ್ರತಿಕೃತಿ ಬರೀ ವಿಮಾನವನ್ನಲ್ಲ, ಅದು ದುಡಿದ ನೆಲವನ್ನೂ ತೋರಿಸುತ್ತದೆ.

ಮುಗಿದ ವಾಪಿಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಕ್ಷೇಮ. ರೆಕ್ಕೆಗಳ ನಡುವಿನ ದಾರಕ್ಕೆ ಧೂಳು ಬಹಳ ಬೇಗ ಅಂಟುತ್ತದೆ, ಬಟ್ಟೆಯಿಂದ ಒರೆಸಹೋದರೆ ತಿಂಗಳುಗಳ ಕೆಲಸ ಕೈಗೇ ಬರುತ್ತದೆ.