ದಮ್ಮಾಮ್‌ನಿಂದ ಮಕ್ಕಾಕ್ಕೆ ಗಾಡಿಯಲ್ಲಿ: ಹೊರಡುವ ಮೊದಲು ಒಂದಿಷ್ಟು ಲೆಕ್ಕ

ಮಕ್ಕಳ ಶಾಲೆಗೆ ರಜೆ ಬಂತೆಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ವಿಸಿಟ್ ವೀಸಾದ ಮಾತು ಶುರು. ಜುಬೈಲ್, ದಮ್ಮಾಮ್, ಅಲ್ ಖೋಬರ್‌ನಲ್ಲಿ ದುಡಿಯುವ ಮಗನೋ ಅಳಿಯನೋ ಹೆಂಡತಿ ಮಕ್ಕಳ ಜೊತೆ ಉಪ್ಪ-ಉಮ್ಮನನ್ನೂ ಕರೆಸಿಕೊಳ್ಳುತ್ತಾನೆ. ಬಂದವರ ಮೊದಲ ಆಸೆ ಉಮ್ರಾ. ಆರೇಳು ಜನರಿಗೆ ವಿಮಾನದ ಟಿಕೆಟ್ ಕೈಗೆ ಎಟಕುವುದಿಲ್ಲ. ರೈಲಿನಲ್ಲಿ ಹೋಗೋಣವೆಂದರೆ ದಮ್ಮಾಮ್‌ನ ರೈಲು ರಿಯಾದ್‌ಗೆ ಮುಗಿಯುತ್ತದೆ. 2018ರಲ್ಲಿ ಶುರುವಾದ ಹರಮೈನ್ ರೈಲು ಓಡುವುದು ಮಕ್ಕಾ, ಜಿದ್ದಾ, ಮದೀನಾದ ನಡುವೆ. ಮಧ್ಯದ ಮರುಭೂಮಿಗೆ ಹಳಿಯೇ ಇಲ್ಲ. ಕೊನೆಗೆ, ‘ಗಾಡಿ ಉಂಟಲ್ಲ, ರಸ್ತೆಯಲ್ಲೇ ಹೋಗುವ’ ಎಂದು ತೀರ್ಮಾನವಾಗುತ್ತದೆ.

ಹೋಗಬಹುದು. ಆದರೆ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೌದಿಯ ವಿಸ್ತೀರ್ಣ ಸುಮಾರು 21.5 ಲಕ್ಷ ಚದರ ಕಿಲೋಮೀಟರ್, ಅಂದರೆ 11 ಕರ್ನಾಟಕ ಹಿಡಿಸುವಷ್ಟು. ದಮ್ಮಾಮ್‌ನಿಂದ ರಿಯಾದ್‌ಗೆ 400 ಕಿ.ಮೀ., ಮಂಗಳೂರು-ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ. ಅದು ಬರೇ ಮೊದಲ ತುಂಡು. ರಿಯಾದ್‌ನಿಂದ ತಾಯಿಫ್‌ಗೆ 800ಕ್ಕೆ ಹತ್ತಿರ. ಮದೀನಾ ಜಿಯಾರತ್ ಸೇರಿಸಿ ತಿರುಗಿ ಮನೆ ಮುಟ್ಟುವಾಗ ಮೀಟರ್ 3,000ದ ಆಸುಪಾಸು ಓಡಿರುತ್ತದೆ. ಘಾಟಿ, ಕಾಡು, ಐದು ನಿಮಿಷಕ್ಕೊಂದು ಪೇಟೆ ನೋಡಿ ರೂಢಿಯಾದ ಕಣ್ಣಿಗೆ ಈ ದಾರಿ ಬೇರೆಯೇ ಲೋಕ. ರಿಯಾದ್‌ಗೆ ಮೊದಲು ದಹ್ನಾದ ಕೆಂಪು ಮರಳು, ರಿಯಾದ್ ದಾಟಿದ ಮೇಲೆ ತುವೈಖ್ ಬೆಟ್ಟದ ಇಳಿಜಾರು, ಅದಾದ ಮೇಲೆ ಗಂಟೆಗಟ್ಟಲೆ ನೇರ ರಸ್ತೆ.

ಆ ನೇರ ರಸ್ತೆಯೇ ಅಪಾಯ. ನಮ್ಮವರು ಹೆಚ್ಚಾಗಿ ಹೊರಡುವುದು ಗುರುವಾರ ಸಂಜೆ. ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಗಾಡಿಗೆ ಸಾಮಾನು ತುಂಬಿಸಿ, ರಾತ್ರಿಯಿಡೀ ಓಡಿಸಿ ಜುಮಾಕ್ಕೆ ಹರಮ್ ಸೇರುವ ಪ್ಲಾನ್. ಬೆಳಿಗ್ಗೆ ಐದಕ್ಕೆ ಎದ್ದ ಮನುಷ್ಯ ಮರುದಿನ ಸುಬ್‌ಹಿ ಹೊತ್ತಿಗೂ ಸ್ಟೇರಿಂಗ್ ಹಿಡಿದಿರುತ್ತಾನೆ. ಹಿಂದೆ ಎಲ್ಲರೂ ನಿದ್ದೆ, ತಿರುವು ಇಲ್ಲ, ವೇಗದ ಮಿತಿ ಕೆಲವು ಕಡೆ 140ರವರೆಗೂ ಉಂಟು. ಕಣ್ಣು ಒಂದು ಕ್ಷಣ ಮುಚ್ಚಿದರೆ ಮುಗಿಯಿತು. ಸಾಲದ್ದಕ್ಕೆ ರಾತ್ರಿ ರಸ್ತೆಗೆ ಬರುವ ಒಂಟೆಗಳು. ಎತ್ತರದ ಕಾಲಿನ ಪ್ರಾಣಿ ಅದು, ಲೈಟಿಗೆ ಕಾಣುವಷ್ಟರಲ್ಲಿ ಗಾಡಿಯ ಗಾಜಿನ ಮೇಲೆ ಬಂದಿರುತ್ತದೆ.

ಆದ್ದರಿಂದ ನಾವು ಒತ್ತಿ ಹೇಳುವುದು ಒಂದೇ: ರಿಯಾದ್‌ನಲ್ಲಿ ಒಂದು ರಾತ್ರಿ ತಂಗಿ. ‘ರೂಮಿಗೆ ಸುಮ್ಮನೆ ದುಡ್ಡು ಯಾಕೆ’ ಎಂದು ಕೇಳುವವರು ಉಪ್ಪನೇ ಆಗಿರುತ್ತಾರೆ. ಅವರ ಮಾತಿಗೆ ನಕ್ಕು ರೂಮು ಮಾಡಿಬಿಡಿ ಮಾರಾಯ್ರೆ. ಇಬ್ಬರು ಲೈಸನ್ಸ್ ಇರುವವರಿದ್ದರೆ ಇನ್ನೂ ಒಳ್ಳೆಯದು. ಏಳು ಸೀಟಿನ ಗಾಡಿಗೆ ಒಂಬತ್ತು ಜನ, ಮಡಿಲಲ್ಲಿ ಮಗು, ಇದಂತೂ ಬೇಡವೇ ಬೇಡ.

ದೊಡ್ಡ ಗಾಡಿಗಾಗಿ ಗೆಳೆಯನದ್ದನ್ನು ಕೇಳಿ ತರುವುದು ನಮ್ಮಲ್ಲಿ ಮಾಮೂಲು. ಹಾಗಾದರೆ ಅವರ ಅಬ್ಶಿರ್‌ನಿಂದ ನಿಮ್ಮ ಹೆಸರಿಗೆ ತಫ್ವೀಝ್ ಮಾಡಿಸಿಕೊಳ್ಳಿ. ಇಸ್ತಿಮಾರ, ಇನ್ಶೂರೆನ್ಸ್, ಫಹಸ್ ಚಾಲ್ತಿಯಲ್ಲಿ ಉಂಟಾ ನೋಡಿ. ಟಯರು ಹೊರಗೆ ಹೊಸದಾಗಿ ಕಂಡರೂ ಅದರ ಮೇಲಿನ ತಯಾರಿ ವರ್ಷ ಓದಿ. ಬೇಸಿಗೆಯ ಡಾಂಬರಿನ ಮೇಲೆ ಹಳೆ ಟಯರು ತಡೆಯುವುದಿಲ್ಲ. ಪೂರ್ವ ಪ್ರಾಂತ್ಯ, ರಿಯಾದ್, ಮಕ್ಕಾ ಪ್ರಾಂತ್ಯಗಳಲ್ಲಿ ತುರ್ತಿಗೆ 911, ಆಂಬುಲೆನ್ಸಿಗೆ 997.

ಉಮ್ಮನಿಗೆ ಶುಗರ್ ಇದ್ದರೆ ಇನ್ಸುಲಿನ್ ತಂಪು ಪೆಟ್ಟಿಗೆಯಲ್ಲಿರಲಿ, ಆದರೆ ಐಸಿಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ನಿಲ್ಲಿಸಿದ ಗಾಡಿಯೊಳಗೆ ಬಿಟ್ಟರೂ ಹಾಳು. ಇನ್ನೊಂದು, ನಮ್ಮ ಹೆಂಗಸರು ಬಾತ್‌ರೂಮಿನ ಹೆದರಿಕೆಗೆ ನೀರೇ ಕುಡಿಯುವುದಿಲ್ಲ. ದಾರಿಯ ಮಹತ್ತಗಳಲ್ಲಿ ಮಸೀದಿ, ಬಖಾಲ ಇರುತ್ತವೆ. ಬಾತ್‌ರೂಮು ಮಾತ್ರ ಒಂದೊಂದು ಕಡೆ ಒಂದೊಂದು ತರಹ. ಒಳ್ಳೆಯದು ಕಂಡಲ್ಲಿ, ಬೇಕಾಗದಿದ್ದರೂ ನಿಲ್ಲಿಸಿ. ಬುತ್ತಿಗೆ ಪತ್ತಿರ್ ಮತ್ತು ಒಣ ಪಲ್ಯ ಸಾಕು. ಮೀನು ಗಸಿ ಕಟ್ಟಿಕೊಂಡರೆ ಎಲ್ಲಿಗೆ ಮುಟ್ಟುವಾಗ ಹಳಸುತ್ತದೆಂದು ಹೇಳುವುದು ಕಷ್ಟ.

ತಾರೀಖು ನಿಶ್ಚಯಿಸುವ ಮೊದಲು ಮನೆಯ ಹೆಂಗಸರನ್ನು ಕೇಳಿ. ನಾಚಿಕೆಯಿಂದ ಇದನ್ನು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಮುಟ್ಟಾದವರು ಇಹ್ರಾಮ್ ಕಟ್ಟಬಹುದು, ತವಾಫ್ ಮಾತ್ರ ಶುದ್ಧಿಯಾದ ಮೇಲೆಯೇ. ಮೂರು ದಿನದ ರಜೆಯಲ್ಲಿ ಬಂದು, ಗಂಡ ವಾಪಸಾಗಲು ಅವಸರ ಮಾಡುವಾಗ, ಉಮ್ರಾ ಪೂರೈಸಲಾಗದೆ ಇಹ್ರಾಮಿನಲ್ಲೇ ಉಳಿದ ಹೆಣ್ಣಿನ ಸಂಕಟ ಸಣ್ಣದಲ್ಲ. ಒಂದೆರಡು ದಿನ ಕೈಯಲ್ಲಿ ಹೆಚ್ಚು ಇಟ್ಟುಕೊಂಡೇ ಹೊರಡಬೇಕು.

ನಜ್ದ್ ಕಡೆಯಿಂದ ಬರುವವರ ಮೀಖಾತ್ ಖರ್ನುಲ್ ಮನಾಝಿಲ್, ಈಗಿನ ಅಸ್ಸೈಲುಲ್ ಕಬೀರ್. ಇಹ್ರಾಮಿಲ್ಲದೆ ಇದನ್ನು ದಾಟಬಾರದು. ತಾಯಿಫ್ ಪೇಟೆಯೊಳಗಿಂದ ಹೋದರೆ ಅಲ್ ಹದಾ ಘಾಟಿ ಸಿಗುತ್ತದೆ, ಅಲ್ಲಿಗೆ ವಾದಿ ಮುಹ್ರಿಮ್ ಮೀಖಾತ್. ಹದಾದ ತಿರುವುಗಳು ನಮ್ಮ ಚಾರ್ಮಾಡಿಯನ್ನು ನೆನಪಿಸುತ್ತವೆ, ನೋಟವೂ ಚೆಂದ. ಆದರೂ 1,200 ಕಿ.ಮೀ. ಓಡಿಸಿ ಸುಸ್ತಾದವರಿಗೆ, ವಾಂತಿಯಾಗುವ ಮಕ್ಕಳಿಗೆ ಸೈಲ್ ರಸ್ತೆಯೇ ವಾಸಿ. ಉಮ್ರಾದ ಪರ್ಮಿಟ್, ಮದೀನಾದಲ್ಲಿ ರೌದಾ ಪ್ರವೇಶದ ಸಮಯ ಎರಡನ್ನೂ ನುಸುಕ್ ಆ್ಯಪ್‌ನಲ್ಲಿ ಮೊದಲೇ ಮಾಡಿಕೊಳ್ಳಿ. ಹಜ್ ಹತ್ತಿರವಾಗುವಾಗ ವಿಸಿಟ್ ವೀಸಾದವರನ್ನು ಮಕ್ಕಾಕ್ಕೆ ಬಿಡುವುದಿಲ್ಲ, ಆ ತಿಂಗಳುಗಳನ್ನು ತಪ್ಪಿಸಿ.

ನಮಾಜಿನ ಬಗ್ಗೆ ಗಾಡಿಯೊಳಗೆ ಚರ್ಚೆ ಆಗುವುದು ಖಂಡಿತ. ಶಾಫಿಈ ಮದ್‌ಹಬ್ ಪ್ರಕಾರ ಊರ ಗಡಿ ದಾಟಿದ ಮೇಲೆ ಳುಹರ್, ಅಸರ್, ಇಶಾ ಎರಡೆರಡು ರಕಅತ್. ಮಗ್ರಿಬ್ ಮೂರೇ, ಸುಬ್‌ಹಿ ಎರಡೇ. ಳುಹರ್-ಅಸರ್, ಮಗ್ರಿಬ್-ಇಶಾ ಜಮ್ಅ್ ಮಾಡಬಹುದು. ಪೂರ್ತಿ ಮಾಡುವ ಇಮಾಮರ ಹಿಂದೆ ನಿಂತರೆ ಪೂರ್ತಿಯೇ. ಬಂದ ದಿನ, ಹೊರಡುವ ದಿನ ಬಿಟ್ಟು ಒಂದೇ ಕಡೆ ನಾಲ್ಕು ದಿನ ತಂಗುವ ನಿಯ್ಯತ್ ಇದ್ದರೆ ಖಸ್ರ್ ಇಲ್ಲ. ಉಳಿದ ಸಂಶಯ ಊರಿನ ಉಸ್ತಾದರಲ್ಲಿ ಹೊರಡುವ ಮೊದಲೇ ಕೇಳಿಕೊಳ್ಳಿ.

ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ ರಸ್ತೆಯಲ್ಲಿ 450 ಕಿ.ಮೀ. ತಿರುಗಿ ಬರಲು ಮಕ್ಕಾ ದಾರಿ ಹಿಡಿಯಬೇಕಾಗಿಲ್ಲ, ಖಸೀಮ್ ಮೂಲಕ ರಿಯಾದ್‌ಗೆ ಒಳ್ಳೆಯ ಹೆದ್ದಾರಿ ಉಂಟು. ನಡುವೆ ಬುರೈದಾದಲ್ಲಿ ಒಂದು ರಾತ್ರಿ ತಂಗಿದರೆ ಆಯಿತು. ಖರ್ಜೂರಕ್ಕೆ ಹೆಸರಾದ ಊರು ಅದು, ಊರಿಗೆ ಕಟ್ಟಿಕೊಡುವ ಖರ್ಜೂರವನ್ನೂ ಅಲ್ಲೇ ಕೊಳ್ಳಬಹುದು.