ಕಲ್ಲಿನ ತಲೆಕಟ್ಟು

ಬಾದಾಮಿಯಲ್ಲಿ ಇಳಿಹೊತ್ತು. ಅಗಸ್ತ್ಯತೀರ್ಥದ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ. ಓರೆಬಿಸಿಲಿಗೆ ಕೆಂಪು ಮರಳುಗಲ್ಲಿನ ಒಂದೊಂದು ಗೆರೆಯೂ ಎದ್ದು ಕಾಣುವ ಗಳಿಗೆ ಇದು. ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಜನ ವಿಷ್ಣುವಿನ ಮುಂದೆ ನಿಂತಿದ್ದಾರೆ. ಉಳಿ ಮುಟ್ಟದ ಪಕ್ಕದ ಬಂಡೆಯನ್ನು ನೋಡುವವರಿಲ್ಲ.

ಒಬ್ಬ ಹುಡುಗ ಮಾತ್ರ ನೋಡಿದ. ಬಂಡೆಯ ಮೈಮೇಲಿನ ಓರೆಗೆರೆಗಳತ್ತ ಕೈ ಮಾಡಿ, “ಗುಡ್ಡ ಒಂದ್ ಕಡಿ ವಾಲೇತಿ ನೋಡ್ರಿ” ಎಂದ. ನನ್ನ ಜೊತೆಗಿದ್ದ ಭೂವಿಜ್ಞಾನದ ಮಾಸ್ತರು ನಕ್ಕರು: “ಗುಡ್ಡ ವಾಲಿಲ್ಲ ತಮ್ಮಾ, ಮರಳ ಜಾರೇತಿ.”

ಜಾರಿದ್ದು ನೆಲದ ಮೇಲೆ ಒಂದು ಹುಲ್ಲುಗರಿಯೂ ಇಲ್ಲದಿದ್ದ ಕಾಲದಲ್ಲಿ. ಹರಿಯುವ ನೀರು ತಳದ ಮರಳನ್ನು ದಿಬ್ಬ ಕಟ್ಟುತ್ತ ಮುಂದೆ ನೂಕುತ್ತದೆ. ಕಾಳುಗಳು ದಿಬ್ಬದ ಬೆನ್ನೇರಿ ಆಚೆ ಮಗ್ಗುಲಿಗೆ ಜಾರುತ್ತವೆ. ಒಂದೊಂದು ಜಾರಿಗೂ ಒಂದೊಂದು ಓರೆಗೆರೆ. ಆಮೇಲೆ ಬಂದ ನೀರು ದಿಬ್ಬದ ನೆತ್ತಿಯನ್ನು ಬೋಳಿಸಿ, ಅದರ ಮೇಲೆ ಹೊಸ ಮರಳು ಹಾಸುತ್ತದೆ. ಹಾಗಾಗಿ ಈ ಗೆರೆಗಳು ಅಡಿಯಲ್ಲಿ ಮೆಲ್ಲನೆ ಬಾಗಿ ನೆಲದ ಗೆರೆಯೊಳಗೆ ಕರಗುತ್ತವೆ. ಮೇಲ್ತುದಿಯಲ್ಲಿ ಕತ್ತಿಯಿಂದ ಕೊಯ್ದಂತೆ ತುಂಡಾಗಿ ನಿಲ್ಲುತ್ತವೆ. ಕೊಯ್ದ ಕಡೆ ಮೇಲು, ಕರಗಿದ ಕಡೆ ಕೆಳಗು.

ಹಳ್ಳಿಗಳಲ್ಲಿ ಹಳೆಯ ಶಾಸನದ ಕಲ್ಲು ತಲೆಕೆಳಗಾಗಿ ಗೋಡೆಗೆ ಸೇರಿರುವುದುಂಟು. ಓದಲು ಬಾರದಿದ್ದರೂ ಅಕ್ಷರದ ತಲೆಕಟ್ಟು ಬಲ್ಲವನು ಕತ್ತು ಹೊರಳಿಸಿ ಮೇಲ್ಗಡೆ ಯಾವುದೆಂದು ಹೇಳುತ್ತಾನೆ. ಬಂಡೆಯ ಬರಹಕ್ಕೂ ಅಂಥ ತಲೆಕಟ್ಟು ಇದೆ.

ಬಾದಾಮಿಯಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಇಲ್ಲಿನ ಪದರಗಳು ಹಾಸಿದ ಜಮಖಾನೆಯಂತೆ ಬಹುಪಾಲು ಮಟ್ಟಸವಾಗಿವೆ. ಆದರೆ ಇವುಗಳಿಗಿಂತ ಹಳೆಯವಾದ ಬಾಗಲಕೋಟೆ ಸಮೂಹದ ಶಿಲೆಗಳು ಒತ್ತಡಕ್ಕೆ ಮಡಿಚಿಕೊಂಡಿವೆ. ಎಷ್ಟೋ ಕಡೆ ಕಪಾಟಿನ ಪುಸ್ತಕಗಳಂತೆ ಕಡಿದಾಗಿ ನಿಂತಿವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ನಿಕೋಲಸ್ ಸ್ಟೆನೊ 1669ರಲ್ಲಿ ಹೇಳಿದ ನಿಯಮ ನಿಂತ ಪದರಗಳ ಮುಂದೆ ಕೈಚೆಲ್ಲುತ್ತದೆ. ಎಡಗಡೆಯದು ಮೊದಲ ಪುಟವೋ, ಬಲಗಡೆಯದೋ?

ಆಗ ಬೇಕಾಗುವುದು ಈ ಅಕ್ಷರಮಾಲೆ. ಬೇಸಿಗೆಯ ಕೆರೆಯಂಗಳದ ಬಿರುಕು ನೆನೆಯಿರಿ: ಬಾಯಿ ಅಗಲ, ಒಳಗಿಳಿದಂತೆ ಕಿರಿದು. ಕಲ್ಲಾದ ಕೆಸರಿನಲ್ಲೂ ಬಿರುಕಿನ ಚೂಪುತುದಿ ಕೆಳಗನ್ನು ತೋರುತ್ತದೆ. ರಾಡಿನೀರು ತುಂಬಿದ ಕೊಡದಲ್ಲಿ ಮೊದಲು ತಳ ಸೇರುವುದು ಹರಳು, ಕೊನೆಗೆ ಕೆನೆಯಂಥ ಕೆಸರು. ಒಂದೇ ಪದರದೊಳಗೆ ದಪ್ಪಕಾಳು ನುಣುಪಾಗುತ್ತ ಹೋದ ದಿಕ್ಕೇ ಮೇಲು. ಬಾಗಲಕೋಟೆ ಸಮೂಹದ ಸುಣ್ಣಯುಕ್ತ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಟೊಲೈಟುಗಳಿವೆ. ಬೋರಲು ಹಾಕಿ ಪೇರಿಸಿದ ಬಟ್ಟಲುಗಳಂಥ ಇವುಗಳ ಉಬ್ಬು ಸಾಮಾನ್ಯವಾಗಿ ಮೇಲ್ಮುಖ.

ಅಲೆಗುರುತು ಮಾತ್ರ ಚೂರು ತುಂಟ. ನೀರು ಅತ್ತಿತ್ತ ತೂಗಿದಲ್ಲಿ ಮರಳಿನ ಏಣು ಚೂಪಾಗಿ, ತಗ್ಗು ದುಂಡಾಗಿ ಇರುತ್ತದೆ. ಅದರ ಮೇಲೆ ಕೂತ ಪದರದ ಅಡಿಯಲ್ಲಿ ಅದರ ಅಚ್ಚು ಮೂಡಿ, ಏಣು ದುಂಡಾಗಿ, ತಗ್ಗು ಚೂಪಾಗುತ್ತದೆ. ನೋಡುತ್ತಿರುವುದು ಮೂಲವೋ ಅಚ್ಚೋ ಎಂದು ತಿಳಿಯದೆ ಮುಂದೆ ಹೋದವನು ಮೋಸಹೋದ. ಏಣು ತಗ್ಗು ಎರಡೂ ದುಂಡಾಗಿದ್ದರೆ ಆ ಗುರುತು ಏನೂ ಹೇಳುವುದಿಲ್ಲ. ಆದ್ದರಿಂದ ಒಂದೇ ಸಾಕ್ಷಿಯನ್ನು ನೆಚ್ಚುವಂತಿಲ್ಲ.

ಈ ಪಾಠ ದೊಡ್ಡವರಿಗೂ ತಪ್ಪಲಿಲ್ಲ. ಸ್ಕಾಟ್ಲೆಂಡಿನ ಬಲಾಹುಲಿಶ್ ಸೀಮೆಯ ಪದರಗಳಿಗೆ ಭೂವಿಜ್ಞಾನಿ ಎಡ್ವರ್ಡ್ ಬೇಲಿ ಒಂದು ವಯಸ್ಸಿನ ಕ್ರಮ ಕೊಟ್ಟಿದ್ದರು. ಥೊರಾಲ್ಫ್ ಫೋಗ್ಟ್ ಮತ್ತು ಟ್ಯಾಂಟನ್ ಅಲ್ಲಿನ ಓರೆಪದರಗಳನ್ನು ಓದಿದಾಗ ಆ ಕ್ರಮವೇ ತಲೆಕೆಳಗೆಂದು ಕಂಡಿತು. 1930ರಲ್ಲಿ ಬೇಲಿಯೇ ಅದನ್ನು ಒಪ್ಪಿ ಬರೆದರು. ಬೆಟ್ಟದ ಚರಿತ್ರೆಯನ್ನು ತಿದ್ದಿಸಿದ್ದು ಗೇಣುದ್ದದ ಗೆರೆಗಳು.

ಬಿಸಿಲು ಭೂತನಾಥ ಗುಡಿಯ ಕಡೆಗೆ ಸರಿಯಿತು. ಹುಡುಗ ಇನ್ನೂ ಬಂಡೆಯ ಮುಂದೆಯೇ ಇದ್ದ. ಒಂದು ಗೆರೆಯ ಜಾಡು ಹಿಡಿದು ಅವನ ಬೆರಳು ಗಾಳಿಯಲ್ಲೇ ಮೇಲಿನಿಂದ ಕೆಳಗೆ ಜಾರುತ್ತಿತ್ತು. “ಇಲ್ಲಿ ಕೊಯ್ದಾರ, ಇದು ಮ್ಯಾಲಿಂದು” ಎಂದ. ಮಾಸ್ತರು ತಲೆಯಾಡಿಸಿದರು.

ಭೂವಿಜ್ಞಾನಿಗಳು ಈ ಮರಳುಗಲ್ಲಿಗೆ ಗುಹಾದೇಗುಲಗಳ ಹೆಸರನ್ನೇ ಇಟ್ಟಿದ್ದಾರೆ: ಕೇವ್ ಟೆಂಪಲ್ ಅರೆನೈಟ್. ಮುಂದಿನ ಸಲ ಬಾದಾಮಿಗೆ ಹೋದಾಗ ಕೆತ್ತನೆ ನೋಡಿ ಮುಗಿಸಿದ ಮೇಲೆ, ಕೆತ್ತದ ಕಲ್ಲಿನ ಮುಂದೆಯೂ ಐದು ನಿಮಿಷ ನಿಲ್ಲಿ. ಸುತ್ತಿಗೆ ಬೇಡ, ಹೆಸರು ಗೀಚುವುದು ಖಂಡಿತ ಬೇಡ. ಬರಹ ಅಲ್ಲಿ ಆಗಲೇ ಇದೆ.